ಕ್ಯಾಂಪರ್ ವ್ಯಾನಿಗೆ ಟ್ಯೂಬ್ಯುಲರೋ, ಜೆಲ್ಲೋ, ಲಿಥಿಯಮ್ಮೋ?

ಪ್ರಶ್ನೆ: ನಾನು ಹಾಸನದ ನಿವೃತ್ತ ಹೈಸ್ಕೂಲ್ ಮೇಷ್ಟ್ರು. ಸೆಕೆಂಡ್ ಹ್ಯಾಂಡ್ ಟೆಂಪೋ ಟ್ರಾವೆಲರ್ ಕೊಂಡು ಒಳಗೆ ಎರಡು ಮಂಚ, ಪುಟ್ಟ ಅಡುಗೆ ಕಟ್ಟೆ, ನೀರಿನ ಟ್ಯಾಂಕ್ ಮಾಡಿಸಿದ್ದೇನೆ. ನಾನು, ನಮ್ಮ ಮನೆಯವರು ಇಬ್ಬರೇ. ಮೊದಲು ಗೋಕರ್ಣ, ಹಂಪಿ ಕಡೆ ಓಡಾಡಿ, ಮುಂದಿನ ಮೇ–ಜೂನ್‌ನಲ್ಲಿ ಲಡಾಖ್‌ಗೆ ಹೋಗುವ ಆಸೆ. ಬ್ಯಾಟರಿ ವಿಷಯದಲ್ಲಿ ಮಾತ್ರ ತಲೆ ಕೆಟ್ಟಿದೆ. ಬಾಡಿ ಕಟ್ಟಿದವರು ‘ಮನೆ ಯುಪಿಎಸ್‌ಗೆ ಹಾಕ್ತಾರಲ್ಲ, ಆ 150 ಎಎಚ್ ಟ್ಯೂಬ್ಯುಲರ್ ಇಟ್ಟುಬಿಡಿ ಸಾರ್’ ಅಂತಾರೆ. ಬ್ಯಾಟರಿ ಅಂಗಡಿಯವರು ಜೆಲ್ ಅಂತಾರೆ. ಮಗ ಲಿಥಿಯಂ ಬಿಟ್ಟು ಬೇರೆ ಮಾತೇ ಬೇಡ ಅಂತಾನೆ. ಪಕ್ಕದ ಮನೆಯವರು ಎಲೆಕ್ಟ್ರಿಕ್ ಸ್ಕೂಟರ್‌ಗಳು ಹೊತ್ತಿ ಉರಿದದ್ದನ್ನು ನೆನಪಿಸಿ, ‘ಅದನ್ನು ಮಂಚದ ಕೆಳಗೆ ಇಟ್ಕೊಂಡು ಮಲಗ್ತೀರಾ?’ ಅಂತ ಕೇಳುತ್ತಾರೆ. ಮನೆಯವರಿಗೆ ನಿದ್ದೆಯಲ್ಲಿ ಉಸಿರು ಕಟ್ಟುವ ತೊಂದರೆ. ರಾತ್ರಿ ಮುಖವಾಡದ ಮೂಲಕ ಗಾಳಿ ಒತ್ತಿ ಕೊಡುವ ಸಿಪ್ಯಾಪ್ ಯಂತ್ರ ಬೇಕೇ ಬೇಕು. ಉಳಿದಂತೆ ಫ್ರಿಜ್ಜು, ಒಂದು ಫ್ಯಾನು, ದೀಪ, ಮೊಬೈಲು, ಮಿಕ್ಸಿ. ಸಾಧ್ಯವಾದರೆ ಇಂಡಕ್ಷನ್ ಒಲೆಯೂ. ಬ್ಯಾಟರಿಗೆಂದು ಐವತ್ತು ಸಾವಿರ ಎತ್ತಿಟ್ಟಿದ್ದೇನೆ. ಅಸಲಿಗೆ ಇಂಜಿನ್ ಬ್ಯಾಟರಿಯೇ ಸಾಲದೇ?

ಉತ್ತರ: ನಾಲ್ಕು ಜನ ನಾಲ್ಕು ಸಲಹೆ ಕೊಟ್ಟಿದ್ದಾರೆ. ಆದರೆ ಯಾರೂ ನಿಮ್ಮನ್ನು ಕೇಳಬೇಕಾದ ಪ್ರಶ್ನೆ ಕೇಳಿಲ್ಲ: ಈ ಬ್ಯಾಟರಿ ತುಂಬುವುದು ಯಾವುದರಿಂದ, ದಿನಕ್ಕೆ ಎಷ್ಟು ಹೊತ್ತು? ಮನೆಯಲ್ಲಾದರೆ ಗೋಡೆಯಲ್ಲಿ ಪ್ಲಗ್ ಇದೆ, ಕರೆಂಟ್ ಹೋದದ್ದು ಒಂದು ಗಂಟೆಯಾದರೆ ಬಂದದ್ದು ಇಪ್ಪತ್ತಮೂರು ಗಂಟೆ ಇರುತ್ತದೆ. ವ್ಯಾನಿನಲ್ಲಿ ಲೆಕ್ಕ ತಲೆಕೆಳಗು. ನನ್ನ ರಿಪೇರಿ ಬೆಂಚಿಗೆ ಸತ್ತು ಬಂದ ಕ್ಯಾಂಪರ್ ಬ್ಯಾಟರಿಗಳಲ್ಲಿ ಹೆಚ್ಚಿನವು ಬಳಸಿ ಬಳಸಿ ಸವೆದವಲ್ಲ. ಒಂದು ದಿನವೂ ಪೂರ್ತಿ ತುಂಬದೆ ಸತ್ತವು.

ನಿಮ್ಮ ಬಳಕೆಗೆ ನನ್ನ ಉತ್ತರ ಲಿಥಿಯಂ ಐರನ್ ಫಾಸ್ಫೇಟ್, ಅಂದರೆ ಅಂಗಡಿಯಲ್ಲಿ ಎಲ್‌ಎಫ್‌ಪಿ ಎಂದು ಕೇಳಿದರೆ ಕೊಡುವ ಬ್ಯಾಟರಿ. ಆದರೆ ಎರಡು ಷರತ್ತು. ಇಂಡಕ್ಷನ್ ಒಲೆ ಆಸೆ ಬಿಡಬೇಕು. ಬ್ಯಾಟರಿ ದುಡ್ಡಿನ ಜೊತೆಗೆ ಅದನ್ನು ಸರಿಯಾಗಿ ತುಂಬುವ ಸಾಮಾನಿಗೂ ದುಡ್ಡು ಇಡಬೇಕು. ವರ್ಷಕ್ಕೆ ಕೆಲವೇ ರಾತ್ರಿ, ಅದೂ ಪ್ಲಗ್ ಇರುವ ಕಡೆ ಮಾತ್ರ ತಂಗುವುದಾದರೆ ನನ್ನ ಸಲಹೆ ಬೇರೆಯಾಗುತ್ತದೆ, ಅದನ್ನೂ ಕೊನೆಗೆ ಹೇಳಿದ್ದೇನೆ.

ಮೊದಲು ಇಂಜಿನ್ ಬ್ಯಾಟರಿಯ ಮಾತು ಮುಗಿಸೋಣ. ಅದರೊಳಗೆ ತೆಳು ಪ್ಲೇಟುಗಳು ಒತ್ತೊತ್ತಾಗಿ ಇರುತ್ತವೆ. ಸೆಲ್ಫ್ ಹೊಡೆದಾಗ ಕೆಲವೇ ಸೆಕೆಂಡು ನೂರಾರು ಆಂಪಿಯರ್ ಕೊಟ್ಟು, ಕೂಡಲೇ ಆಲ್ಟರ್ನೇಟರಿನಿಂದ, ಅಂದರೆ ಇಂಜಿನ್ ಓಡುವಾಗ ಕರೆಂಟ್ ಮಾಡುವ ಯಂತ್ರದಿಂದ, ವಾಪಸ್ ತುಂಬಿಸಿಕೊಳ್ಳುವುದಕ್ಕೆ ಮಾಡಿದ್ದು ಅದು. ರಾತ್ರಿಯಿಡೀ ಫ್ರಿಜ್ಜು, ಫ್ಯಾನು ಓಡಿಸಿ ಕೆಲವು ಸಲ ಖಾಲಿ ಮಾಡಿದರೆ ಪ್ಲೇಟಿನ ಪೇಸ್ಟು ಉದುರಿ ತಳ ಸೇರುತ್ತದೆ. ಮಾರನೆಯ ಬೆಳಿಗ್ಗೆ ಗಾಡಿಯೂ ಸ್ಟಾರ್ಟ್ ಆಗುವುದಿಲ್ಲ. ಆದ್ದರಿಂದ ಅದನ್ನು ಇಂಜಿನ್‌ಗೇ ಬಿಟ್ಟು, ಒಳಗಿನ ಸಂಸಾರಕ್ಕೆ ಬೇರೆ ಬ್ಯಾಟರಿ ಇಡಬೇಕು.

ಈಗ ನಿಮ್ಮ ಸಂಸಾರಕ್ಕೆ ದಿನಕ್ಕೆ ಎಷ್ಟು ಬೇಕು ಅಂತ ನೋಡೋಣ. ಎಎಚ್ ಅಂದರೆ ಆಂಪಿಯರ್-ಅವರ್. ಐದು ಆಂಪಿಯರ್ ಎಳೆಯುವ ಯಂತ್ರ ಎರಡು ಗಂಟೆ ಓಡಿದರೆ ಹತ್ತು ಎಎಚ್ ಖರ್ಚು. ನಲವತ್ತು–ಐವತ್ತು ಲೀಟರಿನ 12 ವೋಲ್ಟ್ ಕಂಪ್ರೆಸರ್ ಫ್ರಿಜ್ಜು ನಮ್ಮ ಸೆಖೆಗೆ ದಿನಕ್ಕೆ 35ರಿಂದ 40 ತಿನ್ನುತ್ತದೆ. ವ್ಯಾನನ್ನು ಬಿಸಿಲಲ್ಲಿ ನಿಲ್ಲಿಸಿದರೆ ಇನ್ನೂ ಹೆಚ್ಚು. 28 ವ್ಯಾಟಿನ ಬಿಎಲ್‌ಡಿಸಿ ಫ್ಯಾನು ಎಂಟು ಗಂಟೆ ತಿರುಗಿದರೆ 19. ದೀಪ, ಮೊಬೈಲು, ನೀರಿನ ಪಂಪು ಎಲ್ಲ ಸೇರಿ ಹತ್ತು ಹನ್ನೆರಡು. ಸಿಪ್ಯಾಪ್ ಯಂತ್ರದ ಬಿಸಿ ಹ್ಯುಮಿಡಿಫೈಯರ್ ಆಫ್ ಮಾಡಿದರೆ ರಾತ್ರಿಗೆ ಹನ್ನೆರಡರಿಂದ ಹದಿನೈದು ಸಾಕು. ಆನ್ ಇಟ್ಟರೆ ಅದರ ಎರಡರಷ್ಟೋ ಇನ್ನೂ ಹೆಚ್ಚೋ ಆಗುತ್ತದೆ. ಮಿಕ್ಸಿ ಚಟ್ನಿಗೆ ಮೂರು ನಿಮಿಷ ಓಡುತ್ತದೆ, ಅದನ್ನು ಲೆಕ್ಕಕ್ಕೇ ಹಿಡಿಯಬೇಡಿ. ಒಟ್ಟು ದಿನಕ್ಕೆ ಸುಮಾರು 80ರಿಂದ 85 ಎಎಚ್.

ಇದಕ್ಕೆ ಇಂಡಕ್ಷನ್ ಸೇರಿಸಿ ನೋಡಿ. 2000 ವ್ಯಾಟಿನ ಒಲೆಗೆ 12 ವೋಲ್ಟಿನ ಬ್ಯಾಟರಿಯಿಂದ ಇನ್ವರ್ಟರ್ ಎಳೆಯುವುದು 180 ಆಂಪಿಯರ್ ಆಸುಪಾಸು. ಸಾಧಾರಣ 100 ಎಎಚ್ ಲಿಥಿಯಂ ಬ್ಯಾಟರಿಯ ಒಳಗಿನ ರಕ್ಷಣೆ 100 ಆಂಪಿಯರಿಗೇ ಕಟ್ ಮಾಡುತ್ತದೆ. ಟ್ಯೂಬ್ಯುಲರ್ ಕಟ್ ಮಾಡುವುದಿಲ್ಲ, ಆದರೆ ಮಂಡಿಯೂರುತ್ತದೆ. ಅದರ ಮೇಲೆ ಬರೆದ 150 ಎಎಚ್ ಇಪ್ಪತ್ತು ಗಂಟೆಯ ಲೆಕ್ಕದ್ದು, ಅಂದರೆ ಏಳೂವರೆ ಆಂಪಿಯರಿನಂತೆ ನಿಧಾನವಾಗಿ ಎಳೆದರೆ ಮಾತ್ರ ಸಿಗುವುದು. ಸೋಲಾರಿಗೆಂದು ಮಾರುವವು ಸಾಮಾನ್ಯವಾಗಿ ಹತ್ತು ಗಂಟೆಯ ಲೆಕ್ಕ. ಲೇಬಲ್ ಮೇಲೆ ಸಿ20, ಸಿ10 ಅಂತ ಇರುತ್ತದೆ, ಓದಿ. ಒಂದೇ ಸಲ ನೂರಾರು ಆಂಪಿಯರ್ ಎಳೆದರೆ ಆ 150ರಲ್ಲಿ ಅರ್ಧವೂ ಕೈಗೆ ಬರುವುದಿಲ್ಲ. ಒಲೆಗೆ ಗ್ಯಾಸೇ ಇರಲಿ. ಇಂಡಕ್ಷನ್ ಪಟ್ಟು ಹಿಡಿದರೆ ಬ್ಯಾಟರಿ, ಇನ್ವರ್ಟರ್, ಕೇಬಲ್ ಮೂರೂ ದುಪ್ಪಟ್ಟಾಗುತ್ತವೆ, ನಿಮ್ಮ ಐವತ್ತು ಸಾವಿರ ಲೆಕ್ಕಕ್ಕೇ ಸಿಗುವುದಿಲ್ಲ.

ಈಗ ಟ್ಯೂಬ್ಯುಲರ್. ಅದು ಕೆಟ್ಟ ಬ್ಯಾಟರಿ ಅಂತ ನಾನು ಹೇಳುವುದಿಲ್ಲ. ಮನೆಯ ಮೂಲೆಯಲ್ಲಿ, ಅಲುಗಾಡದೆ, ಸದಾ ಚಾರ್ಜಿನಲ್ಲಿ ಕೂತರೆ ಅದರಷ್ಟು ಗಟ್ಟಿ ಇನ್ನೊಂದಿಲ್ಲ. ಬಾಡಿ ಕಟ್ಟಿದವರು ಅದನ್ನೇ ನೋಡಿ ಹೇಳಿದ್ದಾರೆ. ತೊಂದರೆ ಇರುವುದು ಸೀಸದ ಬ್ಯಾಟರಿ ತುಂಬುವ ರೀತಿಯಲ್ಲಿ. ಗ್ಯಾಸ್ಟನ್ ಪ್ಲಾಂಟೆ 1859ರಲ್ಲಿ ಸೀಸದ ಬ್ಯಾಟರಿ ಮಾಡಿದಾಗಿನಿಂದ ಇವತ್ತಿನವರೆಗೆ ಈ ಗುಣ ಬದಲಾಗಿಲ್ಲ. ಸಂತೆ ದಿನ ಬಸ್ಸಿಗೆ ಜನ ಹತ್ತುವುದನ್ನು ನೋಡಿದ್ದೀರಲ್ಲ. ಮೊದಲ ನಲವತ್ತು ಜನ ಒಂದೇ ಉಸಿರಿಗೆ ನುಗ್ಗಿ ಹತ್ತುತ್ತಾರೆ, ಕೊನೆಯ ಹತ್ತು ಜನರನ್ನು ಒಳಗೆ ತೂರಿಸುವಷ್ಟರಲ್ಲಿ ಕಂಡಕ್ಟರಿಗೆ ಸಾಕುಬೇಕಾಗುತ್ತದೆ. ಹಾಗೆಯೇ ಶೇ 80ರವರೆಗೆ ಚಾರ್ಜು ಬೇಗ ಏರುತ್ತದೆ. ಕೊನೆಯ 20ಕ್ಕೆ, 14.4 ವೋಲ್ಟಿನ ಹತ್ತಿರ ಹಿಡಿದುಕೊಂಡೇ, ಗಂಟೆಗಟ್ಟಲೆ ಕಾಯಬೇಕು.

ನೀವು ಹಾಸನದಿಂದ ಶಿರಾಡಿ ಘಾಟಿ ಇಳಿದು ಮಂಗಳೂರು ಮುಟ್ಟುವ ನಾಲ್ಕು–ಐದು ಗಂಟೆಯಲ್ಲಿ ಆ ಕೊನೆಯ 20 ತುಂಬುವುದಿಲ್ಲ. ಇನ್ನೊಂದು ವಿಷಯ: ಮುಂದೆ ಇಂಜಿನ್ ಹತ್ತಿರ 14.2 ವೋಲ್ಟ್ ಇದ್ದರೆ, ಹಿಂದಿನ ಸೀಟಿನ ಕೆಳಗಿರುವ ಬ್ಯಾಟರಿಗೆ ಸಣ್ಣ ವೈರಿನಲ್ಲಿ ಹರಿದು ಬರುವಷ್ಟರಲ್ಲಿ 13.5 ಆಗಿರುತ್ತದೆ. ಹೀಗೆ ಅರ್ಧ, ಮುಕ್ಕಾಲು ತುಂಬಿದ ಸ್ಥಿತಿಯಲ್ಲೇ ದಿನ ಕಳೆದರೆ ಪ್ಲೇಟಿನ ಮೇಲಿನ ಸಲ್ಫೇಟ್ ಗಟ್ಟಿಯಾಗಿ ಕೂತುಬಿಡುತ್ತದೆ. ಆಮೇಲೆ ಎಷ್ಟು ಚಾರ್ಜಿಗೆ ಹಾಕಿದರೂ ಆ ಭಾಗ ಕೆಲಸಕ್ಕೆ ಬರುವುದಿಲ್ಲ.

ಇಂಥದೊಂದು ವ್ಯಾನು ಕರಾವಳಿ ಸುತ್ತಿಕೊಂಡು ನನ್ನ ಹತ್ತಿರ ಬಂದಿತ್ತು. ಬ್ಯಾಟರಿಗೆ ಎರಡು ವರ್ಷವೂ ಆಗಿರಲಿಲ್ಲ. ಮಾಲೀಕರು ದಿನವೂ ಓಡಿಸಿದ್ದೇನೆ, ಫುಲ್ ಚಾರ್ಜ್ ಇರಲೇಬೇಕು ಎನ್ನುತ್ತಿದ್ದರು. ಮೀಟರಿನಲ್ಲಿ ವೋಲ್ಟೇಜ್ ಚೆನ್ನಾಗೇ ತೋರಿಸುತ್ತಿತ್ತು, ಯಾಕೆಂದರೆ ಇಂಜಿನ್ ಈಗಷ್ಟೇ ಆಫ್ ಆಗಿತ್ತು. ಆಸಿಡ್ಡಿನ ಸಾಂದ್ರತೆ ಅಳೆಯುವ ಹೈಡ್ರೋಮೀಟರ್ ಇಳಿಸಿದರೆ ಆರೂ ಸೆಲ್ಲಿನಲ್ಲಿ ಆ ಸಾಂದ್ರತೆ, ಅಂದರೆ ಗ್ರಾವಿಟಿ, 1.180ರ ಆಸುಪಾಸು, ಟ್ಯೂಬ್ಯುಲರ್ ತುಂಬಿದಾಗ 1.240ರ ಹತ್ತಿರ ಇರಬೇಕು. ಎರಡು ದಿನ ಚಾರ್ಜಿಗೆ ಹಾಕಿದರೂ 1.200 ದಾಟಲಿಲ್ಲ. ಬ್ಯಾಟರಿಯ ಮೇಲ್ಭಾಗವೆಲ್ಲ ಒದ್ದೆ, ಫ್ಲೋಟ್ ಮುಚ್ಚಳಗಳ ಸಂದಿಯಿಂದ ಆಸಿಡ್ ಚಿಮ್ಮಿ ಕೆಳಗಿನ ಪ್ಲೈವುಡ್ ಕಪ್ಪಾಗಿತ್ತು. ಮನೆಯ ಮೂಲೆಗೆಂದು ಮಾಡಿದ ಎತ್ತರದ ಬ್ಯಾಟರಿಯನ್ನು ಘಾಟಿಯ ತಿರುವಿನಲ್ಲಿ ಕುಲುಕಿದರೆ ಇನ್ನೇನಾಗುತ್ತದೆ.

ಇದರ ಜೊತೆ ಗಾಳಿಯ ಮಾತು. ಸೀಸದ ತೆರೆದ ಬ್ಯಾಟರಿ ಚಾರ್ಜಿನ ಕೊನೆಯ ಹಂತದಲ್ಲಿ ಹೈಡ್ರೋಜನ್ ಬಿಡುತ್ತದೆ. ಗಾಳಿಯಲ್ಲಿ ಹೈಡ್ರೋಜನ್ ಶೇ 4 ಮುಟ್ಟಿದರೆ ಕಿಡಿಗೆ ಹೊತ್ತಿಕೊಳ್ಳುತ್ತದೆ. ಅಡುಗೆ ಗ್ಯಾಸು ಭಾರ, ನೆಲದಲ್ಲಿ ಕೂರುತ್ತದೆ. ಹೈಡ್ರೋಜನ್ ಹಗುರ, ಮೇಲೇರುತ್ತದೆ. ಒಂದಕ್ಕೆ ನೆಲದ ಮಟ್ಟದಲ್ಲಿ ಕಿಂಡಿ ಬೇಕು, ಇನ್ನೊಂದಕ್ಕೆ ಮೇಲೆ. ಚಳಿಗೆ ಎಲ್ಲ ಮುಚ್ಚಿ ಮಲಗುವ ವ್ಯಾನಿನಲ್ಲಿ ಎರಡನ್ನೂ ಸಂಭಾಳಿಸುವುದು ಬೇಡದ ತಲೆನೋವು. ನಿಮ್ಮ ನೆರೆಯವರು ಲಿಥಿಯಂಗೆ ಹೆದರಿದ್ದಾರೆ, ಮಂಚದ ಕೆಳಗಿನ ಟ್ಯೂಬ್ಯುಲರಿಗೆ ಹೆದರಿಲ್ಲ ಅನ್ನುವುದೇ ನನಗೆ ಆಶ್ಚರ್ಯ.

ಜೆಲ್ ಬಗ್ಗೆ ಹೆಚ್ಚು ಬರೆಯುವುದಿಲ್ಲ. ನಮ್ಮ ಅಂಗಡಿಗಳಲ್ಲಿ ನೀರು ಹಾಕದ, ಮುಚ್ಚಿದ ಬ್ಯಾಟರಿಗೆಲ್ಲ ಜೆಲ್ ಎನ್ನುತ್ತಾರೆ. ಅವುಗಳಲ್ಲಿ ಬಹುಪಾಲು ಎಜಿಎಂ, ಅಂದರೆ ಆಸಿಡನ್ನು ಗಾಜಿನ ನಾರಿನ ಹಾಸಿನಲ್ಲಿ ಹೀರಿಸಿಟ್ಟದ್ದು. ನಿಜವಾದ ಜೆಲ್ಲಿಗೆ 14.2 ವೋಲ್ಟಿಗಿಂತ ಹೆಚ್ಚು ಕೊಟ್ಟರೆ ಒಳಗೆ ಗುಳ್ಳೆ ಬಿದ್ದು ಶಾಶ್ವತವಾಗಿ ಹಾಳಾಗುತ್ತದೆ, ಎಜಿಎಂಗೆ 14.4, ಕೆಲವಕ್ಕೆ 14.7ರವರೆಗೂ ಬೇಕು. ಯಾವುದು ಅಂತ ಗೊತ್ತಿಲ್ಲದೆ ಚಾರ್ಜರ್ ಸೆಟ್ ಮಾಡಲು ಬರುವುದಿಲ್ಲ. ವ್ಯಾನಿನ ಕೆಲಸಕ್ಕೆ ಎಜಿಎಂ ಟ್ಯೂಬ್ಯುಲರಿಗಿಂತ ಮೇಲು: ಚೆಲ್ಲುವುದಿಲ್ಲ, ಮಾಮೂಲಿ ಚಾರ್ಜಿನಲ್ಲಿ ಗ್ಯಾಸು ಹೊರಬಿಡುವುದಿಲ್ಲ, ಸ್ವಲ್ಪ ಬೇಗ ತುಂಬುತ್ತದೆ. ಆದರೆ ಒಳಗೆ ಸೀಸವೇ ತಾನೇ. ಅರ್ಧಕ್ಕಿಂತ ಕೆಳಗೆ ಇಳಿಸಬಾರದು, ಪೂರ್ತಿ ತುಂಬದೆ ಬಿಡಬಾರದು. 100 ಎಎಚ್‌ನದು ಮೂವತ್ತು ಕಿಲೋ ತೂಗುತ್ತದೆ, ನಿಮಗೆ ಅಂಥವು ಎರಡು ಬೇಕು. ಆಫೀಸು ಯುಪಿಎಸ್‌ನಿಂದ ಬಿಚ್ಚಿದ ಸೆಕೆಂಡ್ ಹ್ಯಾಂಡ್ ಎಸ್‌ಎಂಎಫ್, ಅಂದರೆ ನೀರು ಹಾಕದ ಮುಚ್ಚಿದ ಬ್ಯಾಟರಿಗಳು ಕಡಿಮೆ ರೇಟಿಗೆ ಸಿಗುತ್ತವೆ, ಅದರ ಕಡೆ ತಿರುಗಿಯೂ ನೋಡಬೇಡಿ. ವರ್ಷಗಟ್ಟಲೆ ಚಾರ್ಜಿನಲ್ಲೇ ಕೂತು ಒಣಗಿದ ಸರಕು ಅದು.

ಈಗ ಬೆಂಕಿಯ ಭಯ. 2022ರ ಬೇಸಿಗೆಯಲ್ಲಿ ಸಾಲುಸಾಲಾಗಿ ಸ್ಕೂಟರ್‌ಗಳು ಹೊತ್ತಿಕೊಂಡದ್ದು ನಿಜ. ಅದಾದ ಮೇಲೆಯೇ ಕೇಂದ್ರ ಸರ್ಕಾರ ಎಐಎಸ್-156 ಎಂಬ ಸುರಕ್ಷತಾ ಮಾನದಂಡವನ್ನು ಬಿಗಿಗೊಳಿಸಿತು. ಆದರೆ ಲಿಥಿಯಂ ಅನ್ನುವುದು ಒಂದೇ ಬ್ಯಾಟರಿಯಲ್ಲ, ಒಂದು ಕುಟುಂಬ. ಸ್ಕೂಟರಿನಲ್ಲಿ ಕಡಿಮೆ ಜಾಗಕ್ಕೆ ಹೆಚ್ಚು ಶಕ್ತಿ ತುಂಬಬೇಕಾದ್ದರಿಂದ ಸಾಮಾನ್ಯವಾಗಿ ನಿಕ್ಕಲ್-ಮ್ಯಾಂಗನೀಸ್-ಕೋಬಾಲ್ಟ್ ಸೇರಿದ ಎನ್‌ಎಂಸಿ ಸೆಲ್ ಹಾಕುತ್ತಾರೆ. ಅದು ಮಿತಿಮೀರಿ ಬಿಸಿಯಾದರೆ ತನ್ನೊಳಗಿನ ಆಮ್ಲಜನಕವನ್ನೇ ಬಿಟ್ಟುಕೊಟ್ಟು ಬೆಂಕಿಗೆ ತಾನೇ ಗಾಳಿ ಹಾಕಿಕೊಳ್ಳುತ್ತದೆ. ಎಲ್‌ಎಫ್‌ಪಿ ಬೇರೆ. ಟೆಕ್ಸಸ್ ವಿಶ್ವವಿದ್ಯಾಲಯದಲ್ಲಿ ಜಾನ್ ಗುಡ್‌ಇನಫ್ ಅವರ ತಂಡ 1990ರ ದಶಕದಲ್ಲಿ ಕಂಡುಕೊಂಡ ಈ ವಸ್ತುವಿನಲ್ಲಿ ಆಮ್ಲಜನಕ ರಂಜಕದ ಜೊತೆ ಬಿಗಿಯಾಗಿ ಬೆಸೆದುಕೊಂಡಿರುತ್ತದೆ, ಸುಲಭಕ್ಕೆ ಬಿಟ್ಟುಕೊಡುವುದಿಲ್ಲ. ಹಾಗಂತ ಅದಕ್ಕೆ ಬೆಂಕಿಯೇ ಹತ್ತುವುದಿಲ್ಲ ಅಂತಲ್ಲ. ಜಜ್ಜಿದರೆ, ಮಿತಿಮೀರಿ ಚಾರ್ಜ್ ಮಾಡಿದರೆ ಉರಿಯಬಲ್ಲ ಅನಿಲ ಉಗುಳುತ್ತದೆ. ಆ ಹಂತಕ್ಕೆ ಹೋಗುವುದು ಕಷ್ಟ, ಹೋದರೂ ಬರುವ ಶಾಖ ಎನ್‌ಎಂಸಿಗಿಂತ ಬಹಳ ಕಡಿಮೆ. ರಸ್ತೆಯಲ್ಲಿ ಓಡಾಡುವ ನೆಕ್ಸಾನ್ ಇವಿಯಂಥ ಕಾರುಗಳಲ್ಲಿ ಇರುವುದೂ ಎಲ್‌ಎಫ್‌ಪಿಯೇ. ಆದ್ದರಿಂದ ಅಂಗಡಿಯಲ್ಲಿ ಬರೀ ಲಿಥಿಯಂ ಕೊಡಿ ಅನ್ನಬೇಡಿ. ಲೇಬಲ್ ಮೇಲೆ 12.8 ವೋಲ್ಟ್ ಅಂತ ಇದ್ದರೆ ಅದು 3.2 ವೋಲ್ಟಿನ ನಾಲ್ಕು ಎಲ್‌ಎಫ್‌ಪಿ ಸೆಲ್. 11.1 ಅಂತಲೋ 14.8 ಅಂತಲೋ ಇದ್ದರೆ ಬೇರೆ ಜಾತಿ, ಬೇಡ.

ನಾನು ನೋಡಿದ ವ್ಯಾನುಗಳಲ್ಲಿ ಸುಟ್ಟ ವಾಸನೆ ಬಂದದ್ದು ಬ್ಯಾಟರಿಯಿಂದಲ್ಲ, ವೈರಿನಿಂದ. ಕೇಬಲ್ ತುದಿಯ ಲಗ್ಗನ್ನು ಕ್ರಿಂಪ್ ಮಾಡುವ ಬದಲು ಸುತ್ತಿಗೆಯಲ್ಲಿ ಜಜ್ಜಿರುತ್ತಾರೆ, ಮೇಲೆ ಕೆಂಪು ಸ್ಲೀವ್ ಹಾಕಿ ಮುಚ್ಚಿರುತ್ತಾರೆ. ಕೈಯಲ್ಲಿ ಹಿಡಿದು ತಿರುವಿದರೆ ಲಗ್ಗು ಗಿರಗಿರ ತಿರುಗುತ್ತದೆ, ಸ್ಲೀವ್ ಸರಿಸಿದರೆ ತಾಮ್ರದ ಎಳೆಗಳು ನೇರಳೆ ಬಣ್ಣಕ್ಕೆ ತಿರುಗಿ ಪುಡಿಯಾಗುತ್ತಿರುತ್ತವೆ. ನೂರು ಆಂಪಿಯರ್ ಹರಿಯುವ ಜಾಗದಲ್ಲಿ ಇಂಥ ಒಂದು ಜಾಯಿಂಟ್ ಸಾಕು. ನಿಮ್ಮ ಗಾಡಿಯಲ್ಲಿ ಪ್ರತಿಯೊಂದು ಲಗ್ಗನ್ನೂ ಹೀಗೆ ತಿರುವಿ ನೋಡಿ. ಬ್ಯಾಟರಿಯ ಪ್ಲಸ್ ಟರ್ಮಿನಲ್ಲಿನಿಂದ ಗೇಣಿನೊಳಗೆ ಮುಖ್ಯ ಫ್ಯೂಸ್ ಇರಬೇಕು. ಲಿಥಿಯಂ ಆದರೆ ಟಿ-ಕ್ಲಾಸ್ ಫ್ಯೂಸನ್ನೇ ಹಾಕಿಸಿ, ಶಾರ್ಟ್ ಆದಾಗ ಲಿಥಿಯಂ ಬ್ಯಾಟರಿ ಸಾವಿರಾರು ಆಂಪಿಯರ್ ಕಾರುತ್ತದೆ, ಕಾರ್ ಸ್ಟೀರಿಯೋ ಅಂಗಡಿಯ ಅಗ್ಗದ ಫ್ಯೂಸು ಆಗ ಏಳುವ ಕಿಡಿಯನ್ನು ತಡೆಯಲಾರದು. ಮಿಕ್ಸಿಗೆ 1000 ವ್ಯಾಟಿನ ಪ್ಯೂರ್ ಸೈನ್ ಇನ್ವರ್ಟರ್ ಸಾಕು, ಅದಕ್ಕೆ 35 ಸ್ಕ್ವೇರ್ ಎಂಎಂ ತಾಮ್ರದ ಕೇಬಲ್, ಉದ್ದ ಆದಷ್ಟೂ ಕಡಿಮೆ.

ಎಲ್‌ಎಫ್‌ಪಿಯ ದೊಡ್ಡ ಗುಣ, ಅರ್ಧ ತುಂಬಿದರೂ ಅದಕ್ಕೆ ಬೇಜಾರಿಲ್ಲ. ತುಂಬದೆ ಉಳಿದದ್ದರಿಂದ ಸಲ್ಫೇಟ್ ಹಿಡಿಯುವ ಮಾತೇ ಇಲ್ಲ. ಕೊನೆಯವರೆಗೂ ಹೆಚ್ಚುಕಡಿಮೆ ಒಂದೇ ವೇಗದಲ್ಲಿ ತುಂಬುತ್ತದೆ. ಶೇ 80–90ರಷ್ಟು ಖಾಲಿ ಮಾಡಿದರೂ ಎರಡು ಮೂರು ಸಾವಿರ ಸಲ ತಾಳುತ್ತದೆ. ಹಾಗಾಗಿ ಬೆಲೆ ಹೋಲಿಸುವಾಗ 150 ಎಎಚ್ ಟ್ಯೂಬ್ಯುಲರಿನ ಎದುರು 150 ಎಎಚ್ ಲಿಥಿಯಂ ಇಡಬೇಡಿ. ಟ್ಯೂಬ್ಯುಲರಿನಲ್ಲಿ ನಿಮಗೆ ದಕ್ಕುವುದು 75, ಅದು ಪೂರ್ತಿ ತುಂಬಿದ್ದರೆ. 100 ಎಎಚ್ ಎಲ್‌ಎಫ್‌ಪಿಯಲ್ಲಿ ದಕ್ಕುವುದು 80–90. ತೂಕ ಐವತ್ತು ಚಿಲ್ಲರೆ ಕಿಲೋ ಎದುರು ಹತ್ತು–ಹನ್ನೆರಡು ಕಿಲೋ. ಈ ಲೆಕ್ಕದಲ್ಲಿ ಎಲ್‌ಎಫ್‌ಪಿಗೆ ಸುಮಾರು ಎರಡು ಪಟ್ಟು ದುಡ್ಡಾಗಬಹುದು, ಊರು ಮತ್ತು ಬ್ರ್ಯಾಂಡಿನ ಮೇಲೆ ಹೆಚ್ಚುಕಡಿಮೆ. ಮೊದಲು ಸೀಸದ ಬ್ಯಾಟರಿಗೆ ಶೇ 28 ಜಿಎಸ್‌ಟಿ, ಲಿಥಿಯಂಗೆ 18 ಇತ್ತು. 2025ರ ಸೆಪ್ಟೆಂಬರ್ 22ರಿಂದ ಎರಡಕ್ಕೂ 18 ಆಗಿದೆ. ಸೀಸದ ಪರವಾಗಿ ಇನ್ನೊಂದು ಮಾತು ಹೇಳಲೇಬೇಕು: ಅದು ಸತ್ತರೂ ಗುಜರಿಗೆ ತೂಕದ ಮೇಲೆ ಬೆಲೆ ಬರುತ್ತದೆ. ಸತ್ತ ಎಲ್‌ಎಫ್‌ಪಿಗೆ ಅಂಥ ಬೆಲೆ ಯಾರೂ ಕೊಡುವುದಿಲ್ಲ.

ಎಲ್‌ಎಫ್‌ಪಿಯ ದೋಷಗಳಲ್ಲಿ ನಿಮಗೆ ನೇರವಾಗಿ ತಟ್ಟುವುದು ಲಡಾಖಿನ ಚಳಿ. ಸೊನ್ನೆ ಡಿಗ್ರಿಗಿಂತ ಕೆಳಗೆ ಎಲ್‌ಎಫ್‌ಪಿಯನ್ನು ಬಳಸಬಹುದು, ಚಾರ್ಜ್ ಮಾಡಬಾರದು. ಮಾಡಿದರೆ ಲಿಥಿಯಂ ಸೆಲ್ಲಿನೊಳಗೆ ಹೋಗುವ ಬದಲು ಮೇಲೆ ಲೋಹವಾಗಿ ಕೂರುತ್ತದೆ. ಅದು ವಾಪಸ್ ಬರದ ಹಾನಿ. ಮೇ–ಜೂನ್‌ನಲ್ಲಿ ಲೇಹ್ ಊರಿನಲ್ಲಿ ಅಷ್ಟು ಭಯವಿಲ್ಲ, ಆದರೆ ಹದಿನಾಲ್ಕು ಸಾವಿರ ಅಡಿಯ ಪ್ಯಾಂಗಾಂಗ್ ದಡದಲ್ಲಿ ರಾತ್ರಿ ನಿಂತರೆ ಮೇ ತಿಂಗಳಲ್ಲೂ ಸೊನ್ನೆಗೆ ಇಳಿಯಬಹುದು. ಬೆಳಿಗ್ಗೆ ಬಿಸಿಲು ಬಿದ್ದ ಕೂಡಲೇ ಸೋಲಾರ್ ಪ್ಯಾನಲ್ ತನ್ನ ಪಾಡಿಗೆ ಚಾರ್ಜ್ ಶುರು ಮಾಡುತ್ತದೆ, ಆಗ ಬ್ಯಾಟರಿ ಇನ್ನೂ ತಣ್ಣಗಿರುತ್ತದೆ. ಅದಕ್ಕೇ ಬ್ಯಾಟರಿಯನ್ನು ಒಳಗಿನಿಂದ ಕಾಯುವ ಸರ್ಕ್ಯೂಟಾದ ಬಿಎಂಎಸ್‌ನಲ್ಲಿ ‘ಲೋ ಟೆಂಪರೇಚರ್ ಚಾರ್ಜ್ ಕಟ್-ಆಫ್’ ಇದೆಯೇ ಅಂತ ಕೇಳಿ, ಕಾಗದದಲ್ಲಿ ಬರೆಸಿಕೊಳ್ಳಿ. ಅಗ್ಗದ ಬ್ಯಾಟರಿಗಳಲ್ಲಿ ಇರುವುದಿಲ್ಲ. ಬ್ಯಾಟರಿಯನ್ನು ಚಾಸಿಗೆ ನೇತುಹಾಕದೆ, ನೀವು ಮಲಗುವ ಕ್ಯಾಬಿನ್ನಿನ ಒಳಗೇ ಇಟ್ಟರೆ ಅರ್ಧ ಸಮಸ್ಯೆ ಮುಗಿಯಿತು. ಇಂಜಿನ್ ಪಕ್ಕದಲ್ಲಂತೂ ಬೇಡ. ರಾಯಚೂರು, ಕಲಬುರಗಿಯ ಏಪ್ರಿಲ್ ಬಿಸಿಲಿಗೆ ಯಾವ ಬ್ಯಾಟರಿಯೂ ಸುಖವಾಗಿರುವುದಿಲ್ಲ. ಸೀಸದ್ದಾದರೆ 25 ಡಿಗ್ರಿಯ ಮೇಲೆ ಪ್ರತಿ ಎಂಟು–ಹತ್ತು ಡಿಗ್ರಿಗೆ ಆಯಸ್ಸು ಅರ್ಧವಾಗುತ್ತದೆ.

ಎರಡನೆಯ ದೋಷ ಸಿಪ್ಯಾಪ್ ಇರುವವರಿಗೆ ಮುಖ್ಯ. ಸೀಸದ ಬ್ಯಾಟರಿ ಖಾಲಿಯಾಗುವಾಗ ದೀಪ ಮಂಕಾಗಿ, ಫ್ಯಾನ್ ನಿಧಾನವಾಗಿ ಸೂಚನೆ ಕೊಡುತ್ತದೆ. ಎಲ್‌ಎಫ್‌ಪಿ ಹಾಗಲ್ಲ. ಅದರ ವೋಲ್ಟೇಜು ಬಹುಪಾಲು 13.3ರಿಂದ 13ರ ನಡುವೆಯೇ ಇದ್ದು, ಕೊನೆಯಲ್ಲಿ ದಡಕ್ಕನೆ ಬೀಳುತ್ತದೆ. ಬಿಎಂಎಸ್ ಕಟ್ ಮಾಡಿದರೆ ರಾತ್ರಿ ಮೂರಕ್ಕೆ ಎಲ್ಲವೂ ಒಮ್ಮೆಲೇ ಆಫ್. ವೋಲ್ಟ್‌ಮೀಟರ್ ನೋಡಿ ಎಷ್ಟು ಉಳಿದಿದೆ ಅಂತ ಹೇಳಲು ಬರುವುದಿಲ್ಲ. ಒಳಗೆ ಹೋದ, ಹೊರಗೆ ಬಂದ ಆಂಪಿಯರುಗಳನ್ನು ಎಣಿಸುವ ಶಂಟ್ ಮಾನಿಟರ್ ಹಾಕಿಸಿ. ಫ್ರಿಜ್ಜಿನೊಳಗೆ ಬ್ಯಾಟರಿ ಪ್ರೊಟೆಕ್ಷನ್ ಇದೆ ಅಂತ ನಂಬಿ ಕೂರಬೇಡಿ. ಅದು ಸೀಸದ ಬ್ಯಾಟರಿಯನ್ನು ಮನಸ್ಸಿನಲ್ಲಿಟ್ಟು ಹನ್ನೊಂದು ಚಿಲ್ಲರೆ ವೋಲ್ಟಿಗೆ ಆಫ್ ಆಗುವಂತೆ ಮಾಡಿದ್ದು, ಅಷ್ಟರಲ್ಲಿ ಎಲ್‌ಎಫ್‌ಪಿಯಲ್ಲಿ ಏನೂ ಉಳಿದಿರುವುದಿಲ್ಲ. ಫ್ರಿಜ್ಜಿನ ಲೈನಿಗೆ 12.5 ವೋಲ್ಟಿಗೆ ಬಿಡುವ ಪ್ರತ್ಯೇಕ ಕಟ್-ಆಫ್ ರಿಲೇ ಹಾಕಿದರೆ, ಮೊದಲು ಫ್ರಿಜ್ಜು ನಿಲ್ಲುತ್ತದೆ, ಉಳಿದದ್ದು ಸಿಪ್ಯಾಪಿಗೆ ಸಿಗುತ್ತದೆ.

ಸಿಪ್ಯಾಪನ್ನು ಇನ್ವರ್ಟರಿನಿಂದ ಓಡಿಸಬೇಡಿ. ಬ್ಯಾಟರಿಯಿಂದ 230 ವೋಲ್ಟ್ ಮಾಡಿ, ಅದನ್ನು ಮತ್ತೆ ಯಂತ್ರದ ಅಡಾಪ್ಟರಿನಲ್ಲಿ 24ಕ್ಕೋ 12ಕ್ಕೋ ಇಳಿಸುವುದರಲ್ಲಿ ಶಕ್ತಿ ಸುಮ್ಮನೆ ಪೋಲು. ಆಯಾ ಮಾಡೆಲಿಗೆ ತಕ್ಕ ಡಿಸಿ ಅಡಾಪ್ಟರ್ ಕಂಪನಿಯವರೇ ಮಾರುತ್ತಾರೆ. ಇಷ್ಟಾದ ಮೇಲೂ, ಒಂದು ರಾತ್ರಿಗೆ ಆಗುವಷ್ಟು ಚಿಕ್ಕ ಪೋರ್ಟಬಲ್ ಪವರ್ ಸ್ಟೇಷನ್ ಅವರ ತಲೆದೆಸೆಯಲ್ಲಿ ಪ್ರತ್ಯೇಕವಾಗಿ ಇರಲಿ. ಉಸಿರಿನ ವಿಷಯದಲ್ಲಿ ಒಂದೇ ಬ್ಯಾಟರಿಯನ್ನು ನಂಬಿ ಹೊರಡಿ ಅಂತ ನಾನು ಹೇಳಲಾರೆ. ಅಷ್ಟು ಎತ್ತರದಲ್ಲಿ ಮಲಗುವ ಬಗ್ಗೆ ಅವರ ಡಾಕ್ಟರನ್ನು ಕೇಳಿಯೇ ಹೊರಡಿ, ಅದು ನನ್ನ ವ್ಯಾಪ್ತಿಯ ಮಾತಲ್ಲ.

ಇನ್ನು ತುಂಬುವ ಸಾಮಾನು. ಎಲ್‌ಎಫ್‌ಪಿಗೆ ಒಳಗಿನ ಪ್ರತಿರೋಧ ಕಡಿಮೆ, ಎಷ್ಟು ಕೊಟ್ಟರೂ ಎಳೆಯುತ್ತದೆ. ಅದನ್ನು ನೇರ ಆಲ್ಟರ್ನೇಟರಿಗೆ ಕಟ್ಟಿದರೆ, ಟ್ರಾಫಿಕ್ಕಿನಲ್ಲಿ ಇಂಜಿನ್ ಐಡಲ್‌ನಲ್ಲಿ ನಿಂತಾಗ, ತಣ್ಣಗಾಗಲು ಗಾಳಿಯೂ ಇಲ್ಲದೆ ಆಲ್ಟರ್ನೇಟರ್ ಕಾದು ಸುಡುತ್ತದೆ. ಬ್ಯಾಟರಿ ತುಂಬಿ ಬಿಎಂಎಸ್ ಏಕಾಏಕಿ ಕಟ್ ಮಾಡಿದರೆ ಆ ಹೊಡೆತಕ್ಕೆ ಡಯೋಡುಗಳು ಹೋಗುತ್ತವೆ, ಕೆಲವೊಮ್ಮೆ ಜೊತೆಗೆ ಇಂಜಿನ್ನಿನ ಕಂಪ್ಯೂಟರಾದ ಇಸಿಯು ಕೂಡ. ಇದಕ್ಕೆ ನಡುವೆ, ಆಲ್ಟರ್ನೇಟರಿನಿಂದ ಮಿತಿಯಲ್ಲಿ ಎಳೆದು ಬ್ಯಾಟರಿಗೆ ತಕ್ಕ ವೋಲ್ಟೇಜಿನಲ್ಲಿ ಕೊಡುವ ಡಿಸಿ-ಡಿಸಿ ಚಾರ್ಜರ್ ಬೇಕು. 30 ಆಂಪಿಯರಿನದು ನಿಮಗೆ ಹೊಂದುತ್ತದೆ. ಹಾಸನದಿಂದ ಮಂಗಳೂರಿಗೆ ನಾಲ್ಕು ಗಂಟೆಗೆ 120 ಎಎಚ್, ನಿಮ್ಮ ದಿನದ ಖರ್ಚಿಗಿಂತ ಹೆಚ್ಚೇ ಆಯಿತು. ಬಾಡಿ ಕಟ್ಟಿದವರು ಅದರ ಬದಲು ಎರಡು ಬ್ಯಾಟರಿಗಳನ್ನು ನೇರ ಜೋಡಿಸುವ ಬರೀ ರಿಲೇ ಹಾಕಿಕೊಡುತ್ತೇನೆ ಅಂದರೆ ಒಪ್ಪಬೇಡಿ. ಮನೆಯ ಹಳೇ ಯುಪಿಎಸ್ ಕಳಚಿ ತಂದು ಹಾಕುವ ಯೋಚನೆಯೂ ಬೇಡ, ಅದರ ಬೂಸ್ಟ್ ಚಾರ್ಜು ಸೀಸಕ್ಕೆ ಮಾಡಿದ್ದು.

ಸೋಲಾರು ಒಳ್ಳೆಯದೇ. ಮೇಲೆ 400 ವ್ಯಾಟಿನ ಪ್ಯಾನಲ್ ಮಲಗಿಸಿದರೆ ಹಂಪಿಯ ಚಳಿಗಾಲದ ಶುಭ್ರ ಆಕಾಶದ ಕೆಳಗೆ ದಿನಕ್ಕೆ ನೂರು ಎಎಚ್ ಹತ್ತಿರ ಬರುತ್ತದೆ. ಮಳೆಗಾಲದ ಮಲೆನಾಡಿನಲ್ಲಿ ಅದರ ಕಾಲು ಭಾಗ ಬಂದರೆ ಪುಣ್ಯ. ನೀವು ದಿನಾ ಓಡಾಡುವವರಾದ್ದರಿಂದ ದುಡ್ಡು ಸಾಲದಿದ್ದರೆ ಸೋಲಾರನ್ನು ಮುಂದಿನ ವರ್ಷಕ್ಕೆ ಬಿಡಿ, ಡಿಸಿ-ಡಿಸಿ ಚಾರ್ಜರನ್ನು ಬಿಡಬೇಡಿ.

ಅಳತೆ ನನ್ನ ಪ್ರಕಾರ 150 ಎಎಚ್ ಎಲ್‌ಎಫ್‌ಪಿ. 100ರಲ್ಲಿ ಒಂದು ದಿನ ಹೇಗೋ ಸಾಗುತ್ತದೆ, ಎಲ್ಲಾದರೂ ಒಂದು ದಿನ ಗಾಡಿ ಕದಲದೆ ನಿಂತಿತೋ ಕಷ್ಟ. 150 ಇದ್ದರೆ ಒಂದೂವರೆ ದಿನದ ಉಸಿರು. ಈಗ ನೂರು ಕೊಂಡು ಆಮೇಲೆ ಇನ್ನೊಂದು ಸೇರಿಸುವ ಯೋಚನೆ ಚೆನ್ನಾಗಿ ಕಾಣುತ್ತದೆ, ಆದರೆ ಹಳೆಯದು–ಹೊಸದು ಜೋಡಿಸಿದರೆ ಎರಡೂ ಸಮನಾಗಿ ದುಡಿಯುವುದಿಲ್ಲ.

ನಿಮ್ಮ ವ್ಯಾನು ವರ್ಷಕ್ಕೆ ಹತ್ತು ಹದಿನೈದು ರಾತ್ರಿ ಮಾತ್ರ ಹೊರಗೆ, ಅದರಲ್ಲೂ ಹೋಮ್‌ಸ್ಟೇ ಅಂಗಳದಲ್ಲಿ ಪ್ಲಗ್ ಇರುವ ಕಡೆ ಅಂತಾದರೆ, ನನ್ನ ಸಲಹೆ ಬೇರೆ. ಎರಡು ಎಜಿಎಂ ಹಾಕಿ, ಒಂದು ಒಳ್ಳೆಯ ಮೂರು ಹಂತದ ಚಾರ್ಜರ್ ಇಟ್ಟುಕೊಂಡು, ರಾತ್ರಿ ಪ್ಲಗ್ಗಿಗೆ ಹಾಕಿ. ಮನೆಯಲ್ಲಿ ನಿಂತಾಗಲೂ ಚಾರ್ಜಿನಲ್ಲೇ ಇರಲಿ. ಪೂರ್ತಿ ತುಂಬುವ ವ್ಯವಸ್ಥೆ ಇದ್ದಲ್ಲಿ ಸೀಸ ಚೆನ್ನಾಗೇ ಬಾಳುತ್ತದೆ. ಎಲ್‌ಎಫ್‌ಪಿಗೆ ಉಲ್ಟಾ: ತಿಂಗಳುಗಟ್ಟಲೆ ನಿಲ್ಲಿಸುವಾಗ ಅರ್ಧಕ್ಕೆ ಇಳಿಸಿ, ಲೋಡೆಲ್ಲ ಬಿಚ್ಚಿ ಇಡಬೇಕು.

ಕೊಳ್ಳುವಾಗ ತೂಕ ಹಾಕಿಸಿ. 100 ಎಎಚ್ ಎಂದು ಬರೆದ ಡಬ್ಬಿ ಏಳು ಕಿಲೋ ಇದ್ದರೆ ಒಳಗೆ ನೂರು ಇಲ್ಲ. 150 ಎಎಚ್‌ನದು ಹದಿನೈದು ಕಿಲೋ ಆಸುಪಾಸು ಬರಬೇಕು. ವಾರಂಟಿ ಕಾರ್ಡಿನಲ್ಲಿ ವಾಹನದ ಬಳಕೆಗೆ ವಾರಂಟಿ ಅನ್ವಯಿಸುತ್ತದೆಯೇ ಅಂತ ಓದಿ, ಹತ್ತು ವರ್ಷ ಅನ್ನುವ ದಪ್ಪ ಅಕ್ಷರದ ಕೆಳಗೆ ಸಣ್ಣ ಅಕ್ಷರದಲ್ಲಿ ಏನಿದೆ ಅಂತ ನೋಡಿ. ವೈರಿಂಗ್ ಬದಲಾದದ್ದನ್ನು ಇನ್ಶೂರೆನ್ಸ್‌ನವರಿಗೆ ಬರಹದಲ್ಲಿ ತಿಳಿಸಿ, ಆರ್‌ಸಿಯಲ್ಲಿ ಬದಲಾವಣೆಗಳು ದಾಖಲಾಗಿವೆಯೇ ಅಂತಲೂ ಒಮ್ಮೆ ಖಾತ್ರಿ ಮಾಡಿಕೊಳ್ಳಿ.

ಬ್ಯಾಟರಿ ಮನೆಗೆ ಬಂದ ಮೇಲೆ, ವಾಪಸ್ ಕೊಡುವ ಅವಧಿಯೊಳಗೇ, ಒಂದು ಪರೀಕ್ಷೆ ಮಾಡಿ. ಪೂರ್ತಿ ಚಾರ್ಜ್ ಮಾಡಿ, 55 ವ್ಯಾಟಿನ ಎರಡು ಹೆಡ್‌ಲೈಟ್ ಬಲ್ಬುಗಳನ್ನು ಹೋಲ್ಡರಿಗೆ ಹಾಕಿ ಬೆಳಿಗ್ಗೆ ಉರಿಸಲು ಬಿಡಿ. ಬಲ್ಬು ತುಂಬಾ ಕಾಯುತ್ತದೆ, ಸಿಮೆಂಟ್ ನೆಲದ ಮೇಲಿಡಿ, ಬಟ್ಟೆ, ಪ್ಲಾಸ್ಟಿಕ್ ಹತ್ತಿರ ಬೇಡ. ಎರಡೂ ಸೇರಿ ಒಂಬತ್ತು ಆಂಪಿಯರ್ ಆಸುಪಾಸು ಎಳೆಯುತ್ತವೆ. 150 ಎಎಚ್ ನಿಜವಾಗಿದ್ದರೆ ಹದಿನಾರು ಗಂಟೆಯ ಹತ್ತಿರ ಉರಿಯಬೇಕು. ಹತ್ತು ಗಂಟೆಗೇ ಆರಿದರೆ ಬಿಲ್ಲಿನ ಸಮೇತ ಅಂಗಡಿಗೆ ವಾಪಸ್ ಕೊಂಡುಹೋಗಿ. ಸರಿಯಾಗಿ ಉರಿದರೆ ಕೂಡಲೇ ಮತ್ತೆ ಚಾರ್ಜಿಗೆ ಹಾಕಿ, ಖಾಲಿ ಇಟ್ಟು ಮರೆಯಬೇಡಿ.